ಕುರಿ ಕಾಯಬೇಕಾದವರೇ ಉಣ್ಣೆ ಕತ್ತರಿಸಿಕೊಂಡರೆ? ಹಣದಾಸೆಯ ಬೋಧಕರ ಬಗ್ಗೆ ಬೈಬಲ್ ನೀಡುವ ಎಚ್ಚರಿಕೆ

ಕಾಣಿಕೆ ಕೊಟ್ಟರೆ ಕಾಯಿಲೆ ವಾಸಿಯಾಗುತ್ತದೆ. ಸಾವಿರ ಬಿತ್ತಿದರೆ ಲಕ್ಷ ಬೆಳೆಯುತ್ತದೆ. ಮೊತ್ತ ದೊಡ್ಡದಾದಷ್ಟೂ ಆಶೀರ್ವಾದವೂ ದೊಡ್ಡದು. ಟಿವಿ ವಾಹಿನಿಗಳ ಬೆಳಗಿನ ಪ್ರಸಂಗಗಳಿಂದ ಹಿಡಿದು ಯೂಟ್ಯೂಬ್ ನೇರಪ್ರಸಾರದ ಪ್ರಾರ್ಥನೆಗಳವರೆಗೆ ಇಂಥ ಮಾತುಗಳು ಇಂದು ಸಾಮಾನ್ಯವಾಗಿವೆ. ಪರದೆಯ ಒಂದು ಮೂಲೆಯಲ್ಲಿ ಬೈಬಲ್ ವಚನ, ಇನ್ನೊಂದು ಮೂಲೆಯಲ್ಲಿ ಕ್ಯೂಆರ್ ಕೋಡ್. ಹಾಗೆ ಕೇಳುವವರು ಬೈಬಲನ್ನೇ ಆಧಾರವಾಗಿ ತೋರಿಸುತ್ತಾರೆ.

ಆದರೆ ದೇವರ ಹೆಸರಿನಲ್ಲಿ ಹಣ ಮಾಡುವ ಬೋಧಕರ ಬಗ್ಗೆ ಅದೇ ಬೈಬಲ್ ಏನು ಹೇಳುತ್ತದೆ ಎಂಬುದು ಅಂಥ ವೇದಿಕೆಗಳಲ್ಲಿ ಕೇಳಿಬರುವುದು ಕಡಿಮೆ. ಹಳೆಯ ಒಡಂಬಡಿಕೆಯ ಪ್ರವಾದಿಗಳಿಂದ ಯೇಸುವಿನವರೆಗೆ, ಪೇತ್ರ ಮತ್ತು ಪೌಲರ ಪತ್ರಗಳವರೆಗೆ ಈ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ದುರಾಸೆ ಕೆಟ್ಟದ್ದು ಎಂಬ ಸಾಮಾನ್ಯ ಬುದ್ಧಿವಾದಕ್ಕೆ ಅದು ನಿಲ್ಲುವುದಿಲ್ಲ. ಹಣವನ್ನು ಯಾರು ಕೇಳುತ್ತಿದ್ದಾರೆ, ಹೇಗೆ ಕೇಳುತ್ತಿದ್ದಾರೆ, ಯಾರಿಂದ ಪಡೆಯುತ್ತಿದ್ದಾರೆ, ಅದರ ಲೆಕ್ಕ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳನ್ನು ವಿಶ್ವಾಸಿಗಳ ಕೈಗೇ ಕೊಡುತ್ತದೆ.

ಬೋಧಕರಿಗೆ ಹಣ ಕೊಡುವುದೇ ತಪ್ಪೇ?

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಬೋಧಕರು ಸಂಬಳ ಅಥವಾ ಕಾಣಿಕೆ ಪಡೆಯುವುದನ್ನು ಬೈಬಲ್ ವಿರೋಧಿಸುವುದಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಲೇವಿಯರಿಗೆ ಸ್ವಂತ ಜಮೀನಿನ ಪಾಲು ಇರಲಿಲ್ಲ. ಆದ್ದರಿಂದ ಜನರು ಕೊಡುವ ದಶಮಾಂಶವೇ ಅವರ ಜೀವನಾಧಾರವಾಗಿತ್ತು. ಯೇಸು ತನ್ನ ಶಿಷ್ಯರನ್ನು ಹಳ್ಳಿಗಳಿಗೆ ಕಳುಹಿಸುವಾಗ ಕೆಲಸಗಾರ ಊಟಕ್ಕೆ ಅರ್ಹ ಎಂದ. ಒಕ್ಕಣೆಯಲ್ಲಿ ದುಡಿಯುವ ಎತ್ತಿಗೂ ತಿನ್ನುವ ಹಕ್ಕಿದೆ ಎಂಬ ಧರ್ಮಶಾಸ್ತ್ರದ ನಿಯಮವನ್ನು ನೆನಪಿಸಿ, ಚೆನ್ನಾಗಿ ಬೋಧಿಸುವ ಹಿರಿಯರಿಗೆ ಗೌರವ ಸಲ್ಲಬೇಕು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ.

ಸಣ್ಣ ಸಭೆಗಳಲ್ಲಿ ಅಲ್ಪ ಆದಾಯದಲ್ಲಿ ಸೇವೆ ಮಾಡುವ ಸಭಾಪಾಲಕರನ್ನು ಅನುಮಾನಿಸಲು ಈ ಎಚ್ಚರಿಕೆಗಳನ್ನು ಬಳಸಿದರೆ ಅದು ಅನ್ಯಾಯ. ಬೈಬಲ್ ಗೆರೆ ಎಳೆಯುವುದು ಬೇರೆ ಕಡೆ. ಸೇವೆಗಾಗಿ ಜೀವನಾಧಾರ ಪಡೆಯುವುದು ಒಂದು, ಹಣಕ್ಕಾಗಿ ಸೇವೆಯ ವೇಷ ಹಾಕುವುದು ಇನ್ನೊಂದು. ಈ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಎಂಬುದಕ್ಕೆ ಹಳೆಯ ಒಡಂಬಡಿಕೆಯ ಎರಡು ಕಥೆಗಳು ಒಳ್ಳೆಯ ಉದಾಹರಣೆ.

ಮೂರು ಮುಳ್ಳಿನ ಕೊಕ್ಕೆ, ಎರಡು ತಲಾಂತು ಬೆಳ್ಳಿ

ಮೊದಲನೆಯದು ಶಿಲೋವಿನ ಮಹಾಯಾಜಕ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರ ಕಥೆ (1 ಸಮುವೇಲ 2). ಬಲಿಯ ಮಾಂಸದಲ್ಲಿ ಯಾಜಕರಿಗೆ ಇಂತಿಷ್ಟು ಪಾಲು ಎಂದು ಧರ್ಮಶಾಸ್ತ್ರದಲ್ಲೇ ನಿಗದಿಯಾಗಿತ್ತು. ಇವರಿಗೆ ಅದು ಸಾಲಲಿಲ್ಲ. ಮಾಂಸ ಬೇಯುತ್ತಿರುವಾಗಲೇ ಇವರ ಸೇವಕ ಮೂರು ಮುಳ್ಳಿನ ಕೊಕ್ಕೆಯನ್ನು ಪಾತ್ರೆಗೆ ಚುಚ್ಚಿ, ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳುತ್ತಿದ್ದ. ದೇವರಿಗೆ ಸಲ್ಲಬೇಕಾದ ಕೊಬ್ಬನ್ನು ಮೊದಲು ಸುಡೋಣ, ಆಮೇಲೆ ಬೇಕಾದಷ್ಟು ತೆಗೆದುಕೊಳ್ಳಿ ಎಂದು ಭಕ್ತರು ಬೇಡಿಕೊಂಡರೆ, ಈಗಲೇ ಕೊಡು, ಇಲ್ಲದಿದ್ದರೆ ಬಲವಂತವಾಗಿ ಕಿತ್ತುಕೊಳ್ಳುತ್ತೇನೆ ಎಂಬ ಬೆದರಿಕೆ.

ಇಲ್ಲಿ ತಪ್ಪು ಮೂರು ಬಗೆಯದು. ನಿಗದಿಗಿಂತ ಹೆಚ್ಚು ತೆಗೆದುಕೊಂಡರು, ದೇವರಿಗಿಂತ ಮೊದಲು ತೆಗೆದುಕೊಂಡರು, ಹೆದರಿಸಿ ತೆಗೆದುಕೊಂಡರು. ಭಕ್ತರ ಕಾಣಿಕೆಯನ್ನೇ ತುಚ್ಛವಾಗಿ ಕಂಡದ್ದು ಅವರ ಅತಿದೊಡ್ಡ ಪಾಪವಾಯಿತು ಎಂದು ಆ ಗ್ರಂಥ ಹೇಳುತ್ತದೆ. ಮಕ್ಕಳನ್ನು ಗದರಿದರೂ ತಡೆಯದ ತಂದೆ ಏಲಿಯೂ ಹೊಣೆಯಿಂದ ತಪ್ಪಿಸಿಕೊಳ್ಳಲಿಲ್ಲ. ಗೊತ್ತಿದ್ದೂ ಸುಮ್ಮನಿರುವ ಹಿರಿಯರಿಗೂ ಈ ಕಥೆಯಲ್ಲಿ ಪಾಠವಿದೆ.

ಎರಡನೆಯದು ಪ್ರವಾದಿ ಎಲೀಷನ ಸೇವಕ ಗೇಹಜಿಯ ಕಥೆ (2 ಅರಸು 5). ಅರಾಮ್ ದೇಶದ ಸೇನಾಧಿಪತಿ ನಾಮಾನನ ಕುಷ್ಠ ಎಲೀಷನ ಮಾತಿನಂತೆ ನಡೆದಾಗ ವಾಸಿಯಾಯಿತು. ಅವನು ತಂದ ಬೆಳ್ಳಿ, ಬಂಗಾರ, ಬಟ್ಟೆಗಳನ್ನು ಎಲೀಷ ಮುಟ್ಟಲಿಲ್ಲ. ಗೇಹಜಿಗೆ ಮಾತ್ರ ಹೊಟ್ಟೆ ಉರಿಯಿತು. ರಥದ ಹಿಂದೆ ಓಡಿ ಹೋಗಿ, ಎಫ್ರಾಯೀಮ್ ಬೆಟ್ಟದ ಕಡೆಯಿಂದ ಇಬ್ಬರು ಬಡ ಯುವಕರು ಬಂದಿದ್ದಾರೆ, ಅವರಿಗಾಗಿ ಒಂದು ತಲಾಂತು ಬೆಳ್ಳಿ ಮತ್ತು ಎರಡು ಜೊತೆ ಬಟ್ಟೆ ಬೇಕು ಎಂದು ಸುಳ್ಳು ಹೇಳಿದ. ನಾಮಾನ ಸಂತೋಷದಿಂದ ಎರಡು ತಲಾಂತು ಕೊಟ್ಟ. ಗೇಹಜಿ ಅದನ್ನು ಮನೆಯಲ್ಲಿ ಬಚ್ಚಿಟ್ಟ. ಕೊನೆಗೆ ನಾಮಾನನ ಕುಷ್ಠ ಅವನಿಗೇ ಅಂಟಿತು.

ಗೇಹಜಿ ತನಗೆ ಬೇಕು ಎಂದು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕಷ್ಟದಲ್ಲಿರುವ ಬೇರೆ ಯಾರದೋ ಹೆಸರು ಹೇಳಿದ. ಆಗಷ್ಟೇ ಗುಣವಾದ ಮನುಷ್ಯನ ಕೃತಜ್ಞತೆಯನ್ನು ನಗದು ಮಾಡಿಕೊಂಡ. ಅನಾಥ ಮಕ್ಕಳ, ವಿಧವೆಯರ ಹೆಸರಿನಲ್ಲಿ ಸಂಗ್ರಹವಾದ ಹಣ ಬೇರೆಲ್ಲೋ ಸೇರುವ ಇಂದಿನ ಪ್ರಕರಣಗಳಿಗೂ ಈ ಕಥೆಗೂ ಅಂತರ ಹೆಚ್ಚಿಲ್ಲ.

ಕೈ ಬಿಸಿ ಮಾಡಿದವರಿಗೆ ಸಮಾಧಾನದ ಭವಿಷ್ಯ

ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಯೆಹೂದ ನಾಡಿನಲ್ಲಿದ್ದ ಪ್ರವಾದಿ ಮೀಕ ಈ ರೋಗವನ್ನು ನೇರವಾಗಿ ಹೆಸರಿಸಿದ. ಬಾಯಿಗೆ ಏನಾದರೂ ಬಿದ್ದರೆ ಸಮಾಧಾನ ಸಾರುವ, ಬೀಳದಿದ್ದರೆ ಯುದ್ಧ ಸಾರುವ ಪ್ರವಾದಿಗಳನ್ನು ಅವನು ಖಂಡಿಸುತ್ತಾನೆ (ಮೀಕ 3). ನ್ಯಾಯಾಧಿಪತಿಗಳು ಲಂಚಕ್ಕೆ, ಯಾಜಕರು ಸಂಬಳಕ್ಕೆ, ಪ್ರವಾದಿಗಳು ಹಣಕ್ಕೆ ಕೆಲಸ ಮಾಡುತ್ತಿದ್ದಾರೆ, ಆದರೂ ದೇವರು ನಮ್ಮ ಜೊತೆಗಿದ್ದಾನೆ, ನಮಗೇನೂ ಆಗದು ಎಂಬ ಧೈರ್ಯದಲ್ಲಿದ್ದಾರೆ ಎಂಬುದು ಅವನ ಆರೋಪ. ಅಂದರೆ ಭವಿಷ್ಯವಾಣಿಯ ಧಾಟಿ ಕೇಳುವವನ ಜೇಬಿಗೆ ತಕ್ಕಂತೆ ಬದಲಾಗುತ್ತಿತ್ತು.

ಬಾಬಿಲೋನಿನ ಸೆರೆಯಲ್ಲಿದ್ದ ಯೆಹೆಜ್ಕೇಲ ಇನ್ನೊಂದು ಚಿತ್ರ ಕೊಡುತ್ತಾನೆ (ಯೆಹೆಜ್ಕೇಲ 34). ಇಸ್ರಾಯೇಲಿನ ನಾಯಕರು ಕುರುಬರು, ಜನ ಕುರಿಗಳು. ಈ ಕುರುಬರು ಕೊಬ್ಬನ್ನು ತಿನ್ನುತ್ತಾರೆ, ಉಣ್ಣೆಯನ್ನು ಹೊದೆಯುತ್ತಾರೆ, ಕೊಬ್ಬಿದ ಕುರಿಯನ್ನು ಕೊಯ್ಯುತ್ತಾರೆ, ಆದರೆ ಮಂದೆಯನ್ನು ಮೇಯಿಸುವುದಿಲ್ಲ. ಸೊರಗಿದ ಕುರಿಗೆ ಬಲ ಕೊಡಲಿಲ್ಲ, ಗಾಯಗೊಂಡದ್ದಕ್ಕೆ ಕಟ್ಟು ಹಾಕಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ ಎಂದು ಆರೋಪಪಟ್ಟಿ ಬೆಳೆಯುತ್ತದೆ. ಕೊನೆಗೆ ದೇವರು ಆ ಕುರುಬರ ಕೈಯಿಂದ ಮಂದೆಯನ್ನು ಬಿಡಿಸಿಕೊಂಡು ತಾನೇ ಮೇಯಿಸಲು ನಿಲ್ಲುತ್ತಾನೆ. ಪಾಸ್ಟರ್ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕುರುಬ ಎಂದೇ ಅರ್ಥ. ಆದ್ದರಿಂದ ಈ ಅಧ್ಯಾಯ ಇಂದಿನ ಬೋಧಕರಿಗೆ ನೇರವಾಗಿಯೇ ತಟ್ಟುತ್ತದೆ.

ವಿಧವೆಯ ಎರಡು ಕಾಸು: ಅರ್ಧ ಮಾತ್ರ ಹೇಳುವ ಕಥೆ

ಕಾಣಿಕೆಯ ವಿಷಯ ಬಂದಾಗ ಅತಿ ಹೆಚ್ಚು ಕೇಳಿಬರುವುದು ಬಡ ವಿಧವೆಯ ಕಥೆ. ಯೆರೂಸಲೇಮಿನ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ದೊಡ್ಡ ಮೊತ್ತ ಹಾಕುತ್ತಿದ್ದರು. ಆಕೆ ಎರಡೇ ಕಾಸು ಹಾಕಿದಳು. ಉಳಿದವರು ತಮ್ಮಲ್ಲಿ ಮಿಕ್ಕಿದ್ದನ್ನು ಕೊಟ್ಟರು, ಈಕೆ ಬದುಕಿಗೆ ಇದ್ದದ್ದನ್ನೆಲ್ಲ ಕೊಟ್ಟಳು ಎಂದು ಯೇಸು ಶಿಷ್ಯರಿಗೆ ತೋರಿಸಿದ. ನೀವೂ ಇರುವುದನ್ನೆಲ್ಲ ಕೊಡಿ ಎಂಬ ಕರೆಗೆ ಈ ಕಥೆಯನ್ನು ಬಳಸುವವರಿದ್ದಾರೆ.

ಆದರೆ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ತೆರೆದು ನೋಡಿದರೆ, ಈ ಘಟನೆಗೆ ಸ್ವಲ್ಪ ಮೊದಲು ಇನ್ನೊಂದು ಮಾತಿದೆ. ಉದ್ದ ನಿಲುವಂಗಿ ತೊಟ್ಟು ಪೇಟೆಯಲ್ಲಿ ನಮಸ್ಕಾರ ಬಯಸುವ, ಊಟದ ಪಂಕ್ತಿಯಲ್ಲಿ ಮೊದಲ ಸ್ಥಾನ ಬಯಸುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಯೇಸು ಹೇಳುತ್ತಾನೆ. ಅವರು ವಿಧವೆಯರ ಮನೆಗಳನ್ನು ನುಂಗುತ್ತಾರೆ, ನಟನೆಗಾಗಿ ದೀರ್ಘ ಪ್ರಾರ್ಥನೆ ಮಾಡುತ್ತಾರೆ, ಅವರಿಗೆ ಹೆಚ್ಚಿನ ದಂಡನೆ ಕಾದಿದೆ ಎಂಬುದು ಆ ಮಾತಿನ ಸಾರ. ಆ ಮಾತು ಮುಗಿಯುತ್ತಿದ್ದಂತೆ ವಿಧವೆ ಬರುತ್ತಾಳೆ. ಅದರ ನಂತರ, ಆ ಭವ್ಯ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದು ಎಂಬ ಮಾತು ಬರುತ್ತದೆ.

ಹಾಗಾಗಿ ಈ ಭಾಗದಲ್ಲಿ ವಿಧವೆಯ ಭಕ್ತಿಯ ಹೊಗಳಿಕೆಯ ಜೊತೆಗೆ, ಆಕೆಯ ಕೊನೆಯ ಕಾಸನ್ನೂ ಪಡೆದುಕೊಂಡ ವ್ಯವಸ್ಥೆಯ ಮೇಲಿನ ದುಃಖವೂ ಇದೆ ಎಂದು ಹಲವು ಬೈಬಲ್ ವಿದ್ವಾಂಸರು ಓದುತ್ತಾರೆ. ಆ ಓದನ್ನು ಒಪ್ಪಲಿ ಬಿಡಲಿ, ಒಂದು ಮಾತು ಖಚಿತ: ಯೇಸು ಆಕೆಯ ಬಳಿ ಹಣ ಕೇಳಲಿಲ್ಲ, ನೀವೂ ಹೀಗೆಯೇ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಎಂದು ಅಲ್ಲಿ ಯಾರಿಗೂ ಹೇಳಲೂ ಇಲ್ಲ.

ಇದೇ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಪದ್ಧತಿಯ ಪ್ರಸ್ತಾಪವಿದೆ. ವಯಸ್ಸಾದ ತಂದೆತಾಯಿಗೆ ಸಲ್ಲಬೇಕಾದ ಹಣವನ್ನು ದೇವರಿಗೆ ಮುಡಿಪು ಎಂದು ಘೋಷಿಸಿದರೆ, ಮಗ ಅವರನ್ನು ಸಾಕುವ ಹೊಣೆಯಿಂದ ಜಾರಿಕೊಳ್ಳಬಹುದಿತ್ತು. ಧಾರ್ಮಿಕ ಮುಖಂಡರು ಅದಕ್ಕೆ ಅವಕಾಶ ಕೊಟ್ಟಿದ್ದರು. ಇದು ದೇವರ ಆಜ್ಞೆಯನ್ನೇ ರದ್ದು ಮಾಡಿದಂತೆ ಎಂದು ಯೇಸು ಖಂಡಿಸಿದ. ತಾಯಿಯ ಔಷಧದ ದುಡ್ಡು ಅಥವಾ ಮಕ್ಕಳ ಶಾಲೆಯ ಫೀಸನ್ನು ಕಾಣಿಕೆಗೆ ಹಾಕಿದರೆ ದೇವರು ಮೆಚ್ಚುತ್ತಾನೆ ಎನ್ನುವವರಿಗೆ ಈ ಭಾಗದಲ್ಲಿ ಉತ್ತರವಿದೆ.

ದಶಮಾಂಶ ಯಾರಿಗೆ ಸೇರಬೇಕಿತ್ತು?

ದಶಮಾಂಶ ಕೊಡದವನು ದೇವರನ್ನೇ ದೋಚಿದಂತೆ ಎಂಬ ಬೆದರಿಕೆಗೆ ಮಲಾಕಿಯನ ಗ್ರಂಥದ 3ನೇ ಅಧ್ಯಾಯವನ್ನು ಆಧಾರವಾಗಿ ಕೊಡುವುದುಂಟು. ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಳ್ಳುವವರನ್ನೂ ವಿಧವೆ, ಅನಾಥ, ಪರದೇಶಿಗಳನ್ನು ಹಿಂಸಿಸುವವರನ್ನೂ ದೇವರು ನ್ಯಾಯತೀರ್ಪಿಗೆ ಎಳೆಯುತ್ತಾನೆ. ಗ್ರಂಥದ ಮೊದಲ ಎರಡು ಅಧ್ಯಾಯಗಳ ದೊಡ್ಡ ಪಾಲು ದಾರಿ ತಪ್ಪಿದ ಯಾಜಕರ ಮೇಲಿನ ಗದರಿಕೆ.

ದಶಮಾಂಶದ ನಿಯಮವಾದರೂ ಏನು? ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಅದು ಹೊಲದ ಬೆಳೆಯ ಪಾಲು. ಅದನ್ನು ಕೊಡುವವನು ಕುಟುಂಬ ಸಮೇತ ದೇವರ ಸನ್ನಿಧಿಯಲ್ಲಿ ಕುಳಿತು ಹಬ್ಬದೂಟ ಮಾಡಬೇಕು, ಊರಿನ ಲೇವಿಯನನ್ನು ಮರೆಯಬಾರದು. ಪ್ರತಿ ಮೂರನೆಯ ವರ್ಷ ಆ ಪಾಲನ್ನು ಊರಿನಲ್ಲೇ ಕೂಡಿಡಬೇಕು. ಅದರಿಂದ ಲೇವಿಯರ ಜೊತೆಗೆ ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಣಬೇಕು. ಆ ಪಟ್ಟಿಯಲ್ಲಿ ಬಡವರು ಪಡೆಯುವವರ ಸಾಲಿನಲ್ಲಿದ್ದಾರೆ. ಇಂದಿನ ಕ್ರೈಸ್ತರು ದಶಮಾಂಶ ಕೊಡಲೇಬೇಕೇ ಎಂಬ ಬಗ್ಗೆ ಸಭೆಗಳಲ್ಲಿ ಭಿನ್ನಾಭಿಪ್ರಾಯವಿದೆ. ಕೊಡಬೇಕು ಎನ್ನುವವರೂ ಈ ಮೂಲ ನಿಯಮದ ಅರ್ಧವನ್ನು ಮರೆಮಾಚುವಂತಿಲ್ಲ.

ಪೇತ್ರನ ಪತ್ರದಲ್ಲಿ ಪ್ಲಾಸ್ಟಿಕ್, ಎಂಪೋರಿಯಂ, ಗರಡಿಮನೆ

ಸುಳ್ಳು ಬೋಧಕರ ಬಗ್ಗೆ ಹೊಸ ಒಡಂಬಡಿಕೆಯ ಅತಿ ಕಟುವಾದ ಮಾತುಗಳು ಪೇತ್ರನ ಎರಡನೆಯ ಪತ್ರದ 2ನೇ ಅಧ್ಯಾಯದಲ್ಲಿವೆ. ಅವರು ದ್ರವ್ಯಾಶೆಯಿಂದ ಕಟ್ಟುಕಥೆ ಹೇಳಿ ವಿಶ್ವಾಸಿಗಳಿಂದ ಲಾಭ ಮಾಡಿಕೊಳ್ಳುತ್ತಾರೆ ಎಂಬುದು ಅದರ ತಿರುಳು. ಮೂಲ ಗ್ರೀಕ್ ಪದಗಳು ಇನ್ನೂ ಹರಿತವಾಗಿವೆ. ಕಟ್ಟುಕಥೆಗೆ ಬಳಸಿದ 'ಪ್ಲಾಸ್ಟೋಸ್' ಎಂದರೆ ಅಚ್ಚಿನಲ್ಲಿ ಒತ್ತಿ ತಯಾರಿಸಿದ್ದು. ಇಂದಿನ ಪ್ಲಾಸ್ಟಿಕ್ ಪದ ಅದೇ ಮೂಲದ್ದು. ಲಾಭ ಮಾಡಿಕೊಳ್ಳುವುದಕ್ಕೆ ಬಳಸಿದ್ದು ವ್ಯಾಪಾರದ ಕ್ರಿಯಾಪದ. ಕಾವೇರಿ ಎಂಪೋರಿಯಂ ಎನ್ನುವಾಗ ಬರುವ ಎಂಪೋರಿಯಂ ಎಂಬ ಮಾತು ಅದೇ ಕುಟುಂಬಕ್ಕೆ ಸೇರಿದ್ದು. ಅಂದರೆ ಇಲ್ಲಿ ವಿಶ್ವಾಸಿಯೇ ಸರಕು.

ಅದೇ ಅಧ್ಯಾಯ ಮುಂದೆ, ಇವರ ಹೃದಯ ದುರಾಸೆಯಲ್ಲಿ ಪಳಗಿದೆ ಎನ್ನುತ್ತದೆ. ಅಲ್ಲಿ ಬಳಸಿರುವ ಪದ ಗ್ರೀಕರ ವ್ಯಾಯಾಮಶಾಲೆಯಿಂದ, ಅಂದರೆ ಜಿಮ್ನೇಸಿಯಂನಿಂದ ಬಂದದ್ದು. ಗರಡಿಮನೆಯಲ್ಲಿ ಪೈಲ್ವಾನ ದಿನವೂ ಸಾಮು ಮಾಡಿ ಮೈ ಪಳಗಿಸಿದಂತೆ, ಇವರು ದುರಾಸೆಯನ್ನು ಅಭ್ಯಾಸ ಮಾಡಿ ಪಳಗಿದ್ದಾರೆ ಎಂಬ ಅರ್ಥ. ಯಾವ ಮಾತಿಗೆ ಜನ ಅಳುತ್ತಾರೆ, ಯಾವ ಹಂತದಲ್ಲಿ ಪರ್ಸ್ ತೆಗೆಯುತ್ತಾರೆ ಎಂದು ಬಲ್ಲವರ ವರ್ಣನೆಯಂತಿದೆ ಇದು.

ಇಂಥವರಿಗೆ ಪತ್ರ ಕೊಡುವ ಹೋಲಿಕೆ ಬಿಳಾಮನದು. ಇಸ್ರಾಯೇಲ್ಯರನ್ನು ಶಪಿಸಲು ಮೋವಾಬ್ ಅರಸ ಬಾಲಾಕ ಹಣದ ಆಮಿಷ ಒಡ್ಡಿ ಕರೆಸಿದ ಭವಿಷ್ಯಗಾರ ಈ ಬಿಳಾಮ (ಅರಣ್ಯಕಾಂಡ 22). ದಾರಿಯಲ್ಲಿ ಅವನ ಕತ್ತೆಗೆ ಕಂಡ ದೇವದೂತ ಅವನಿಗೆ ಕಾಣಲಿಲ್ಲ. ಯೂದನ ಪತ್ರವೂ ಪ್ರಕಟನೆ ಗ್ರಂಥವೂ ಅವನ ಹೆಸರನ್ನು ಎಚ್ಚರಿಕೆಯಾಗಿ ಬಳಸುತ್ತವೆ.

ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಸಮಾರ್ಯದ ಮಂತ್ರವಾದಿ ಸೀಮೋನ ಪವಿತ್ರಾತ್ಮನ ವರವನ್ನು ದುಡ್ಡು ಕೊಟ್ಟು ಕೊಳ್ಳಲು ಬಂದ. ನಿನ್ನ ಹಣ ನಿನ್ನೊಂದಿಗೇ ಹಾಳಾಗಲಿ ಎಂಬರ್ಥದಲ್ಲಿ ಪೇತ್ರ ಅವನನ್ನು ಗದರಿದ. ಚರ್ಚಿನ ಪದವಿಗಳನ್ನು ಮಾರುವ, ಕೊಳ್ಳುವ ಅಪರಾಧಕ್ಕೆ ಮುಂದೆ 'ಸೈಮನಿ' ಎಂಬ ಹೆಸರು ಬಂದದ್ದು ಇವನಿಂದಲೇ. ಕ್ರಿಸ್ತಶಕ 451ರ ಕಾಲ್ಸೆಡನ್ ಮಹಾಸಭೆ ಹಣ ಪಡೆದು ದೀಕ್ಷೆ ಕೊಡುವುದನ್ನು ನಿಷೇಧಿಸಿ ನಿಯಮವನ್ನೇ ಮಾಡಬೇಕಾಯಿತು.

ಗುಡಾರ ಹೊಲಿದ ಪೌಲನ ಲೆಕ್ಕಪತ್ರ

ಹಣದ ವಿಷಯದಲ್ಲಿ ಹೇಗಿರಬೇಕು ಎಂಬುದಕ್ಕೆ ಹೊಸ ಒಡಂಬಡಿಕೆ ಪೌಲನ ಮಾದರಿ ಕೊಡುತ್ತದೆ. ಕೊರಿಂಥದಲ್ಲಿ ಅವನು ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ತಯಾರಿಸುವ ಕೆಲಸ ಮಾಡಿದ. ಬೋಧಕನಿಗೆ ಜೀವನಾಧಾರ ಪಡೆಯುವ ಹಕ್ಕಿದೆ ಎಂದು ವಾದಿಸಿಯೂ, ಕೊರಿಂಥದವರಿಂದ ತಾನು ಆ ಹಕ್ಕನ್ನು ಬಳಸಿಕೊಳ್ಳಲಿಲ್ಲ ಎಂದ (1 ಕೊರಿಂಥ 9). ಎಫೆಸದ ಹಿರಿಯರಿಗೆ ವಿದಾಯ ಹೇಳುವಾಗ, ಯಾರ ಬೆಳ್ಳಿ ಬಂಗಾರ ಬಟ್ಟೆಗಳಿಗೂ ಆಸೆಪಡಲಿಲ್ಲ, ನನ್ನ ಮತ್ತು ಜೊತೆಯವರ ಅಗತ್ಯಕ್ಕೆ ಈ ಕೈಗಳೇ ದುಡಿದವು ಎಂಬ ಮಾತಾಡಿದ. ಕಾಯಕದ ಪರಂಪರೆ ಬಲ್ಲ ಕನ್ನಡಿಗರಿಗೆ ಈ ನಿಲುವು ಅಪರಿಚಿತವೆನಿಸದು. ಅದೇ ಪೌಲ ಫಿಲಿಪ್ಪಿಯ ಸಭೆ ಪ್ರೀತಿಯಿಂದ ಕಳುಹಿಸಿದ ನೆರವನ್ನು ಸ್ವೀಕರಿಸಿ, ಅದನ್ನು ಬಹಿರಂಗವಾಗಿಯೇ ನೆನೆದ.

ಯೆರೂಸಲೇಮಿನ ಬಡವರಿಗಾಗಿ ಅವನು ದೊಡ್ಡ ನಿಧಿಯನ್ನೂ ಸಂಗ್ರಹಿಸಿದ. ಅದನ್ನು ಸಂಗ್ರಹಿಸಿದ ರೀತಿ ಗಮನಾರ್ಹ:

- ಪ್ರತಿಯೊಬ್ಬರೂ ವಾರದ ಮೊದಲ ದಿನ ತಮ್ಮ ಸಂಪಾದನೆಗೆ ತಕ್ಕಷ್ಟು ಮನೆಯಲ್ಲಿ ಎತ್ತಿಡಬೇಕು, ತಾನು ಬಂದ ಮೇಲೆ ವಸೂಲಿ ನಡೆಯಬಾರದು ಎಂದ (1 ಕೊರಿಂಥ 16).
- ಹಣವನ್ನು ಒಯ್ಯುವವರನ್ನು ಕೊಟ್ಟವರೇ ಆರಿಸಬೇಕು ಎಂದ.
- ತೀತನ ಜೊತೆಗೆ ಸಭೆಗಳು ನೇಮಿಸಿದ ಇನ್ನೊಬ್ಬ ಸಹೋದರನನ್ನೂ ಕಳುಹಿಸಿದ. ದೊಡ್ಡ ಮೊತ್ತದ ಬಗ್ಗೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಜನರ ಮುಂದೆಯೂ ನೆಟ್ಟಗಿರಬೇಕು ಎಂಬುದು ಅವನು ಕೊಟ್ಟ ಕಾರಣ (2 ಕೊರಿಂಥ 8).
- ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಬೇರೆಯವರಿಗೆ ಹಗುರವಾಗಲೆಂದು ನಿಮಗೆ ಹೊರೆಯಾಗಬೇಕಿಲ್ಲ, ಬಲವಂತಕ್ಕೆ ಕೊಡಬೇಕಿಲ್ಲ ಎಂದ.

ದೇವರಿಗೆ ಮಾತ್ರ ಲೆಕ್ಕ ಕೊಡುತ್ತೇನೆ ಎಂಬ ಮಾತನ್ನು ಪೌಲ ಹೇಳಲಿಲ್ಲ. ತಾನು ಅಪೊಸ್ತಲನಾಗಿದ್ದರೂ ಒಬ್ಬನೇ ಹಣ ಮುಟ್ಟದಂತೆ ವ್ಯವಸ್ಥೆ ಮಾಡಿದ. ದೇವರ ವಾಕ್ಯವನ್ನು ಚಿಲ್ಲರೆ ವ್ಯಾಪಾರ ಮಾಡುವ ಅನೇಕರಂತೆ ನಾವಲ್ಲ ಎಂದು ಅವನು ಹೇಳುವುದು ಈ ಹಿನ್ನೆಲೆಯಲ್ಲಿ.

ಮೂರು ದಿನ ಉಳಿದರೆ ಸುಳ್ಳು ಪ್ರವಾದಿ

ಬೈಬಲಿನ ನಂತರದ ಮೊದಲ ತಲೆಮಾರುಗಳು ಈ ಎಚ್ಚರಿಕೆಯನ್ನು ನಿಯಮಗಳನ್ನಾಗಿ ಮಾಡಿಕೊಂಡವು. 'ಡಿಡಾಕೆ', ಅಂದರೆ ಬೋಧನೆ ಎಂಬ ಪುಟ್ಟ ಗ್ರಂಥ ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯ ಶತಮಾನದ ಆರಂಭದ್ದು ಎಂದು ಸಾಮಾನ್ಯವಾಗಿ ಅಂದಾಜಿಸಲಾಗಿದೆ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪತ್ತೆಯಾಯಿತು. ಊರೂರು ಸುತ್ತುವ ಅಪೊಸ್ತಲ ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಉಳಿಯಬಹುದು, ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ ಎನ್ನುತ್ತದೆ ಅದು. ಹೊರಡುವಾಗ ಮುಂದಿನ ಊರಿನವರೆಗಿನ ರೊಟ್ಟಿ ಬಿಟ್ಟು ಬೇರೇನೂ ಒಯ್ಯಬಾರದು. ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಹಣ ಕೊಡು ಎಂದರೆ ಕಿವಿಗೊಡಬಾರದು, ಬೇರೆ ಬಡವರಿಗಾಗಿ ಕೇಳಿದರೆ ತಪ್ಪು ಹಿಡಿಯಬಾರದು. ನಿಜವಾದ ಪ್ರವಾದಿ ಊರಲ್ಲಿ ನೆಲೆಸಿದರೆ ಬೆಳೆಯ ಪ್ರಥಮಫಲ ಅವನಿಗೆ, ಅಂಥವರು ಇಲ್ಲದಿದ್ದರೆ ಅದು ಬಡವರಿಗೆ.

ಇಂಥ ನಿಯಮಗಳು ಏಕೆ ಬೇಕಾದವು ಎಂಬುದಕ್ಕೆ ಹೊರಗಿನ ಸಾಕ್ಷಿಯೂ ಇದೆ. ಎರಡನೆಯ ಶತಮಾನದ ವಿಡಂಬನಕಾರ ಲೂಸಿಯನ್ ಕ್ರೈಸ್ತನಲ್ಲ. ಪೆರೆಗ್ರಿನಸ್ ಎಂಬುವನ ಬಗ್ಗೆ ಬರೆದ ಕೃತಿಯಲ್ಲಿ, ಕ್ರೈಸ್ತರು ಎಲ್ಲವನ್ನೂ ನಂಬಿಕೆಯಿಂದ ಹಂಚಿಕೊಳ್ಳುವ ಸರಳ ಜನ, ಚಾಲಾಕಿ ಮೋಸಗಾರ ಇವರ ನಡುವೆ ಬೇಗ ಶ್ರೀಮಂತನಾಗಬಹುದು ಎಂದು ಅವನು ನಗೆಯಾಡಿದ.

ಟೆಟ್ಸೆಲ್‌ನಿಂದ ಟಿವಿಯವರೆಗೆ

ಯುರೋಪಿನ ಇತಿಹಾಸವನ್ನೇ ತಿರುಗಿಸಿದ ಒಂದು ಜಗಳ ಹುಟ್ಟಿದ್ದು ಇದೇ ಪ್ರಶ್ನೆಯಿಂದ. ಮೈನ್ಸ್ ನಗರದ ಆರ್ಚ್‌ಬಿಷಪ್ ಆಲ್ಬರ್ಟ್ ತನ್ನ ಪದವಿಗಾಗಿ ಫುಗ್ಗರ್ ಎಂಬ ಬ್ಯಾಂಕ್ ಮನೆತನದಿಂದ ಭಾರಿ ಸಾಲ ಮಾಡಿದ್ದ. ಪಾಪದ ದಂಡನೆಯಿಂದ ವಿನಾಯಿತಿ ಕೊಡುವ ಪತ್ರಗಳ ಮಾರಾಟದಿಂದ ಬಂದ ಹಣದಲ್ಲಿ ಅರ್ಧ ಆ ಸಾಲಕ್ಕೆ, ಅರ್ಧ ರೋಮಿನ ಸಂತ ಪೇತ್ರರ ಬೆಸಿಲಿಕಾ ಕಟ್ಟಡಕ್ಕೆ ಹೋಗುತ್ತಿತ್ತು. ಜೋಹಾನ್ ಟೆಟ್ಸೆಲ್ ಎಂಬ ಸನ್ಯಾಸಿ ಊರೂರಿಗೆ ಹೋಗಿ ಈ ಪತ್ರಗಳ ಪ್ರಚಾರ ಮಾಡುತ್ತಿದ್ದ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಮಂಡಿಸಿದ 95 ವಾದಗಳಲ್ಲಿ, ಅಗತ್ಯಕ್ಕಿಂತ ಹೆಚ್ಚಿಲ್ಲದವರು ಇರುವುದನ್ನು ಮನೆಯ ಖರ್ಚಿಗೆ ಇಟ್ಟುಕೊಳ್ಳಬೇಕು, ಈ ಪತ್ರಗಳಿಗೆ ಸುರಿಯಬಾರದು ಎಂಬುದೂ ಒಂದು. ಕ್ಯಾಥೊಲಿಕ್ ಸಭೆಯೂ ತಿದ್ದಿಕೊಂಡಿತು. 1567ರಲ್ಲಿ ಪೋಪ್ ಐದನೇ ಪಿಯುಸ್, ಹಣದ ವ್ಯವಹಾರ ಸೇರಿದ ಅಂಥ ವಿನಾಯಿತಿಗಳನ್ನು ರದ್ದು ಮಾಡಿದರು.

20ನೇ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಬೆಳೆದ 'ಸಮೃದ್ಧಿಯ ಸುವಾರ್ತೆ' ಹೊಸ ರೂಪ ತಂದಿತು. ಕಾಣಿಕೆ ಎಂದರೆ ಬೀಜ, ಬಿತ್ತಿದರೆ ಹಲವು ಪಟ್ಟು ಬೆಳೆ ಎಂಬುದು ಅದರ ಮುಖ್ಯ ಮಾತು. ಟಿವಿ ಅದನ್ನು ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾಗಳಿಗೆ ಒಯ್ದಿತು. ಅಮೆರಿಕದ ಪ್ರಖ್ಯಾತ ಟಿವಿ ಬೋಧಕ ಜಿಮ್ ಬೇಕರ್ ಅನುಯಾಯಿಗಳಿಂದ ಹಣ ಸಂಗ್ರಹಿಸಿದ ವಂಚನೆ ಪ್ರಕರಣದಲ್ಲಿ 1989ರಲ್ಲಿ ಅಪರಾಧಿ ಎನಿಸಿದರು. 45 ವರ್ಷದ ಶಿಕ್ಷೆ ಮುಂದೆ ಕಡಿಮೆಯಾಗಿ 1994ರಲ್ಲಿ ಬಿಡುಗಡೆಯಾಯಿತು. 1996ರಲ್ಲಿ ಅವರು ಬರೆದ ಪುಸ್ತಕದ ಹೆಸರೇ 'ನಾನು ತಪ್ಪಿದ್ದೆ' ಎಂಬ ಅರ್ಥದ್ದು. ಹಣದ ಬಗ್ಗೆ ಯೇಸುವಿನ ಮಾತುಗಳನ್ನು ಜೈಲಿನಲ್ಲಿ ಮತ್ತೆ ಓದಿದಾಗ ತನ್ನ ಬೋಧನೆ ತಪ್ಪೆಂದು ತಿಳಿಯಿತು ಎಂದು ಅವರು ಅದರಲ್ಲಿ ಒಪ್ಪಿಕೊಂಡರು. ಸಿಂಗಪುರದ ಸಿಟಿ ಹಾರ್ವೆಸ್ಟ್ ಚರ್ಚಿನ ಸಂಸ್ಥಾಪಕ ಕಾಂಗ್ ಹೀ ಮತ್ತು ಐವರು 2015ರಲ್ಲಿ ಸುಮಾರು 5 ಕೋಟಿ ಸಿಂಗಪುರ ಡಾಲರ್ ಸಭೆಯ ಹಣದ ದುರ್ಬಳಕೆಗಾಗಿ ಅಪರಾಧಿಗಳಾದರು. ಅವರ ಪತ್ನಿಯ ಪಾಪ್ ಸಂಗೀತ ವೃತ್ತಿಗೆ ಆ ಹಣದ ಒಂದು ಭಾಗ ಬಳಕೆಯಾಗಿತ್ತು.

ಇಂಥ ಬೋಧನೆಗೆ ವಿರೋಧ ಬಂದಿರುವುದೂ ಚರ್ಚುಗಳ ಒಳಗಿನಿಂದಲೇ. ಜಾಗತಿಕ ಇವ್ಯಾಂಜಲಿಕಲ್ ಒಕ್ಕೂಟವಾದ ಲೌಸಾನ್ ಚಳವಳಿಯ ಆಫ್ರಿಕಾದ ದೇವತಾಶಾಸ್ತ್ರಜ್ಞರು 2008 ಮತ್ತು 2009ರಲ್ಲಿ ಘಾನಾದಲ್ಲಿ ಸೇರಿ ಸಮೃದ್ಧಿಯ ಸುವಾರ್ತೆಯನ್ನು ಟೀಕಿಸಿ ಹೇಳಿಕೆ ರೂಪಿಸಿದರು.

ಕೇಳುವವರ ಪಾಲು

ಬೈಬಲ್ ದೋಷವನ್ನು ಬೋಧಕರ ಮೇಲಷ್ಟೇ ಹಾಕುವುದಿಲ್ಲ. ತಮ್ಮ ಕಿವಿಗೆ ಹಿತವಾದದ್ದನ್ನು ಹೇಳುವವರನ್ನೇ ಜನ ಹುಡುಕಿ ಕೂಡಿಸಿಕೊಳ್ಳುವ ಕಾಲ ಬರುತ್ತದೆ ಎಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಎಚ್ಚರಿಸುತ್ತದೆ. ಕೊಟ್ಟರೆ ನೂರು ಪಟ್ಟು ಬರುತ್ತದೆ ಎಂಬ ಮಾತಿಗೆ ಮರುಳಾಗುವುದರಲ್ಲಿ ಕೇಳುಗನ ಆಸೆಯೂ ಇದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿರುವುದು ಆಸೆಗಿಂತ ಹತಾಶೆ. ಆಸ್ಪತ್ರೆಯ ಬಿಲ್, ಮಗಳ ಮದುವೆ, ಕೈಬಿಟ್ಟ ಕೆಲಸ, ಊರಿನಿಂದ ದೂರದ ಮಹಾನಗರದಲ್ಲಿ ಕೇಳುವವರಿಲ್ಲದ ಒಂಟಿತನ. ಹಣದಾಸೆಯ ಬೋಧಕ ಮೊದಲು ಕಂಡುಹಿಡಿಯುವುದು ಈ ನೋವನ್ನೇ.

ಹಾಗಾದರೆ ಕಾಣಿಕೆ ಕೊಡುವ ಮೊದಲು ಏನು ನೋಡಬೇಕು? ಮೇಲಿನ ಭಾಗಗಳಿಂದ ಸಿಗುವ ಪ್ರಶ್ನೆಗಳು ಇವು:

- ಆಶೀರ್ವಾದಕ್ಕೆ ದರ ಕಟ್ಟುತ್ತಿದ್ದಾರೆಯೇ? ಕೊಡದಿದ್ದರೆ ಶಾಪ ಎಂದು ಹೆದರಿಸುತ್ತಿದ್ದಾರೆಯೇ?
- ಈಗಲೇ, ಇಲ್ಲೇ ಕೊಡಿ ಎಂಬ ಒತ್ತಡವಿದೆಯೇ, ಮನೆಗೆ ಹೋಗಿ ಯೋಚಿಸಲು ಬಿಡುತ್ತಾರೆಯೇ?
- ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲ್‌ನಲ್ಲಿ ಕಾಣುವ ಹೆಸರು ಸಂಸ್ಥೆಯದೇ, ವ್ಯಕ್ತಿಯದೇ? ರಸೀದಿ ಕೊಡುತ್ತಾರೆಯೇ?
- ಸಭೆಯ ಲೆಕ್ಕಪತ್ರ ಸದಸ್ಯರ ಮುಂದೆ ಬರುತ್ತದೆಯೇ? ಹಣ ಒಬ್ಬರ ಅಥವಾ ಒಂದೇ ಕುಟುಂಬದ ಕೈಯಲ್ಲಿದೆಯೇ?
- ಸಭೆಯ ಬಡವರಿಗೆ ಅದರಿಂದ ಏನಾದರೂ ತಲುಪುತ್ತಿದೆಯೇ?
- ಪ್ರಶ್ನೆ ಕೇಳಿದವರನ್ನು ಅವಿಶ್ವಾಸಿ ಎಂದು ದೂರ ಇಡುತ್ತಾರೆಯೇ?

ಕಾನೂನಿನ ಬಲವೂ ಇದಕ್ಕಿದೆ. ಟ್ರಸ್ಟ್ ಅಥವಾ ಸೊಸೈಟಿಯಾಗಿ ನೋಂದಣಿಯಾದ ಸಂಸ್ಥೆ ಲೆಕ್ಕ ಇಡಲೇಬೇಕು. ವಿದೇಶದಿಂದ ದೇಣಿಗೆ ಪಡೆಯಲು 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಡಿ ಅನುಮತಿ ಬೇಕು.

ವಾಸಿಯಾಗದಿದ್ದರೆ ವಿಶ್ವಾಸ ಕಡಿಮೆಯೇ?

ಇಂಥ ಬೋಧನೆಯ ದೊಡ್ಡ ಹಾನಿ ಹಣ ಹೋದ ಮೇಲೆ ಶುರುವಾಗುತ್ತದೆ. ಕಾಣಿಕೆ ಕೊಟ್ಟರೂ ಕಾಯಿಲೆ ಗುಣವಾಗದಿದ್ದಾಗ, ನಿಮ್ಮ ವಿಶ್ವಾಸ ಸಾಲದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಣ ಕಳೆದುಕೊಂಡವರು ಸಾವಿನ ಮನೆಯಲ್ಲೂ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಬೈಬಲ್ ಈ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸುವುದಿಲ್ಲ. ಪೌಲ ತನ್ನ ದೇಹದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ತಿಮೊಥೆಯನಿಗೆ ಪದೇಪದೇ ಹೊಟ್ಟೆಯ ತೊಂದರೆ ಇತ್ತು. ಸ್ವಲ್ಪ ದ್ರಾಕ್ಷಾರಸ ಕುಡಿ ಎಂಬ ಮನೆಮದ್ದು ಅವನಿಗೆ ಸಿಕ್ಕಿತು. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಇವರಲ್ಲಿ ಯಾರಿಗೂ ವಿಶ್ವಾಸ ಕಡಿಮೆ ಎಂದು ಯಾರೂ ಹೇಳಲಿಲ್ಲ, ಹೆಚ್ಚು ಕಾಣಿಕೆ ಹಾಕಿ ಎಂದೂ ಹೇಳಲಿಲ್ಲ.

ಏಲಿಯ ಮಕ್ಕಳು ಕೊಕ್ಕೆ ಹಿಡಿದು ಓಡಾಡುತ್ತಿದ್ದ ಅದೇ ಶಿಲೋವಿನಲ್ಲಿ ಸಮುವೇಲ ಎಂಬ ಹುಡುಗ ಬೆಳೆಯುತ್ತಿದ್ದ. ಮುಂದೆ ಅವನೇ ಇಸ್ರಾಯೇಲಿನ ಪ್ರವಾದಿಯಾದ. ತಲೆ ನರೆತ ಮೇಲೆ ಅವನು ಇಡೀ ಜನರ ಮುಂದೆ ನಿಂತು, ಯಾರ ಎತ್ತನ್ನಾದರೂ ಕತ್ತೆಯನ್ನಾದರೂ ಕಸಿದುಕೊಂಡಿದ್ದೇನೆಯೇ, ಯಾರಿಗಾದರೂ ಮೋಸ ಮಾಡಿದ್ದೇನೆಯೇ, ಲಂಚ ಪಡೆದಿದ್ದೇನೆಯೇ, ಹೇಳಿ, ಹಿಂದಿರುಗಿಸುತ್ತೇನೆ ಎಂದು ಕೇಳಿದ (1 ಸಮುವೇಲ 12). ಜನ ಇಲ್ಲ ಎಂದರು. ಪ್ರಶ್ನೆ ಕೇಳಲು ಜನರಿಗೆ ಹೀಗೆ ಅವಕಾಶ ಕೊಡುವ ಬೋಧಕನಿಗೆ ಕಾಣಿಕೆ ಕೊಡಲು ವಿಶ್ವಾಸಿಗಳು ಅಂಜಬೇಕಿಲ್ಲ.